ಚಾವಣಿಯ ಮೇಲಿನ ಬೆಳೆ

ಅಡುಗೆಮನೆಯ ಮೂಲೆಯಲ್ಲಿದ್ದ ಎತ್ತರದ ಬೀರುವನ್ನು ಮಗ ಸಾಲ್ವುವೂ ಅವನ ಭಾವಮೈದುನ ಲೀನೊವೂ ಸೇರಿ ಎಳೆದು ತಂದು, ಹಿತ್ತಲಿನ ನಿಂಬೆಗಿಡದ ಬುಡದಲ್ಲಿ ಅಂಗಾತ ಮಲಗಿಸಿದ ದಿನ ಕೊಂಚೆತ್ತಾ ಮಧ್ಯಾಹ್ನದ ಊಟ ಬಿಟ್ಟಳು. ಕೇಳಿದರೆ ಹಸಿವಿಲ್ಲವೆಂದಳು. ಐವತ್ತೊಂದು ವರ್ಷ ಅವಳ ಕೈಯಡುಗೆಯನ್ನು ಉಂಡ ಗಂಡ ಚೆನ್ಸುವಿಗೆ, ಹಸಿವಿಲ್ಲದಿರುವುದಕ್ಕೂ ಹಸಿವಿಲ್ಲವೆನ್ನುವುದಕ್ಕೂ ಇರುವ ದೂರ ಚೆನ್ನಾಗಿ ಗೊತ್ತಿತ್ತು. ಅವನು ತನ್ನ ಪಾಲಿನದನ್ನು ಸದ್ದಿಲ್ಲದೆ ಮುಗಿಸಿ, ತಟ್ಟೆಯನ್ನು ತಾನೇ ತೊಳೆದಿಟ್ಟನು.

ಮನೆ ಮಾಲ್ಟಾದಿಂದ ವಲಸೆ ಬಂದ ಚೆನ್ಸುವಿನದು. ಮೆಲ್ಬರ್ನಿನ ಪಶ್ಚಿಮಕ್ಕಿರುವ ಸೇಂಟ್ ಆಲ್ಬನ್ಸಿನಲ್ಲಿ, ರೈಲ್ವೆ ಕಾರ್ಖಾನೆಯ ಸಂಬಳದಿಂದ ಮೂವತ್ತು ವರ್ಷಗಳ ಹಿಂದೆ ಕಟ್ಟಿಸಿದ ಇಟ್ಟಿಗೆಯ ಮನೆ. ಎರಡು ವರ್ಷದಿಂದ ಸಾಲ್ವು, ಅವನ ಹೆಂಡತಿ ದೊರೀನ್ ಮತ್ತು ಮಗಳು ಕ್ಲೌಡಿಯಾ ಇಲ್ಲಿಯೇ ಇದ್ದರು. ಬನ್ನಿರೆಂದು ಕರೆದವನು ಚೆನ್ಸುವೇ. ಅವನ ಮೊಣಕಾಲುಗಳು ಸೋತಿದ್ದವು, ಕೊಂಚೆತ್ತಾಳಿಗೆ ರಕ್ತದೊತ್ತಡ. ಬಂದ ಸೊಸೆ ಮೊದಲ ವರ್ಷ ಅತ್ತೆಯ ಅಡುಗೆಮನೆಯಲ್ಲಿ ಅತಿಥಿಯಂತೆ ನಡೆದುಕೊಂಡಳು. ಎರಡನೆಯ ವರ್ಷ, ತನ್ನ ದುಡಿಮೆಯ ಹಣದಲ್ಲಿ ಅದನ್ನು ಹೊಸದಾಗಿ ಮಾಡಿಸುವುದಾಗಿ ಹೇಳಿದಳು. ಹೊಸ ಕಪಾಟುಗಳು, ಕಲ್ಲಿನ ಕಟ್ಟೆ, ಎಲ್ಲಕ್ಕಿಂತ ಮುಖ್ಯವಾಗಿ ಚಾವಣಿಯೊಳಗೆ ಹುದುಗಿಸಿ ಕೂರಿಸುವ ಹ್ಯಾಲೊಜೆನ್ ದೀಪಗಳು. ಬೀದಿಯ ಅರ್ಧ ಮನೆಗಳಿಗೆ ಅವು ಆಗಲೇ ಬಂದಿದ್ದವು. ಈ ಮನೆಗೆ ಬರಲಿದ್ದವು ಹದಿನಾಲ್ಕು.

"ಹದಿನಾಲ್ಕು ಯಾಕೆ? ಇಲ್ಲೇನು ಆಪರೇಷನ್ ಮಾಡ್ತೀವಾ?" ಎಂದಿದ್ದಳು ಕೊಂಚೆತ್ತಾ. ಸೊಸೆ ಹಲ್ಲಿನ ಡಾಕ್ಟರೊಬ್ಬರ ಬಳಿ ಕೆಲಸ ಮಾಡುತ್ತಿದ್ದುದರಿಂದ ಆ ಮಾತಿಗೆ ಒಂದು ಮೊನೆಯೂ ಇತ್ತು.

"ಅತ್ತೆ, ನೀವು ಈರುಳ್ಳಿ ಹೆಚ್ಚುವಾಗ ಟ್ಯೂಬ್‌ಲೈಟು ನಿಮ್ಮ ಬೆನ್ನ ಹಿಂದಿರುತ್ತೆ. ನಿಮ್ಮ ನೆರಳು ನಿಮ್ಮ ಮಣೆ ಮೇಲೇ ಬೀಳುತ್ತೆ. ಒಂದಿನ ಬೆರಳು ಕೊಯ್ಕೋತೀರಿ."

"ನನ್ನ ನೆರಳು ಇವತ್ತಿನ ತನಕ ನನಗೇನೂ ತೊಂದ್ರೆ ಕೊಟ್ಟಿಲ್ಲ ಕಣಮ್ಮ."

"ನಮ್ಮ ಲೀನೊ ಹಾಕ್ಕೊಡ್ತಾನೆ. ಲೈಸೆನ್ಸ್ ಇರೋ ಎಲೆಕ್ಟ್ರೀಷಿಯನ್ನು, ಅದೂ ಸ್ವಂತ ತಮ್ಮ. ಶನಿವಾರ ಶನಿವಾರ ಬರ್ತಾನೆ. ಹೊಟ್ಟೆ ತುಂಬ ಊಟ ಹಾಕಿದ್ರೆ ಆಯ್ತು."

"ಊಟ ಮಾಡೋದಕ್ಕೆ ಅಡುಗೆಮನೆ ಎಲ್ಲಿರುತ್ತೆ?"

ಅದಕ್ಕೆ ಉತ್ತರವಾಗಿ ಗ್ಯಾರೇಜು ಇತ್ತು. ಆ ಕಡೆಯ ಮಾಲ್ಟಾದವರ ಮನೆಗಳಲ್ಲಿರುವಂತೆ ಇವರ ಗ್ಯಾರೇಜಿನಲ್ಲಿಯೂ ಹಳೆಯ ಒಲೆ, ನೀರಿನ ತೊಟ್ಟಿ, ಉದ್ದನೆಯ ಮೇಜು ಇದ್ದವು; ಕಾರು ಮಾತ್ರ ಬೀದಿಯಲ್ಲಿ ನಿಲ್ಲುತ್ತಿತ್ತು. ಟೊಮೇಟೊ ಬೇಯಿಸಿ ಬಾಟಲಿಗೆ ತುಂಬುವುದು, ಮೊಲದ ಮಾಂಸವನ್ನು ವೈನಿನಲ್ಲಿ ನೆನೆಹಾಕುವುದು ಎಲ್ಲವೂ ಅಲ್ಲಿಯೇ. ಕೊಂಚೆತ್ತಾ ಗ್ಯಾರೇಜಿಗೆ ಹೋಗಲು ಬೇಸರಪಡಲಿಲ್ಲ. ದೀಪಗಳನ್ನೂ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ನುಂಗಲಾರದೆ ಹೋದದ್ದು ಬೀರು ಹೋದದ್ದನ್ನು.

ಆ ಬೀರುವಿನ ಕೆಳಗಿನ ಅರೆಯ ಹಿಂದೆ ಗೋಡೆಯೊಳಗೆ ಬಿಸಿನೀರಿನ ಕೊಳವೆ ಹಾದುಹೋಗುತ್ತಿತ್ತು. ಪ್ರತಿವರ್ಷ ನವೆಂಬರ್ ಮೂರನೆಯ ವಾರದ ಹೊತ್ತಿಗೆ ಕೊಂಚೆತ್ತಾ ಆರು ತಟ್ಟೆಗಳಲ್ಲಿ ಹತ್ತಿಯನ್ನು ಹರಡಿ, ಅದರ ಮೇಲೆ ಗುಲ್ಬಿಯೇನಾ ಎಂಬ ಸಣ್ಣ ಕಾಳನ್ನು ಒತ್ತಾಗಿ ಬಿತ್ತಿ, ನೀರು ಚಿಮುಕಿಸಿ, ಆ ಅರೆಯಲ್ಲಿಟ್ಟು ಬಾಗಿಲು ಮುಚ್ಚುತ್ತಿದ್ದಳು. ಒಂದೆಳೆಯಷ್ಟೂ ಬೆಳಕು ಸೋಕದಂತೆ ಬೆಳೆದ ಆ ಪೈರು ಮುದುಕಿಯರ ಕೂದಲಿನಂತೆ ಬೆಳ್ಳಗೆ, ಗೇಣುದ್ದ ಬೆಳೆದು, ತಟ್ಟೆಯ ಅಂಚಿನಿಂದ ಇಳಿಬೀಳುತ್ತಿತ್ತು. ಕ್ರಿಸ್‌ಮಸ್ಸಿನ ಹಿಂದಿನ ದಿನ ಅದನ್ನು ಮಾಲ್ಟಾದವರ ಬ್ಯಾಂಡ್ ಕ್ಲಬ್ಬಿನ ಗೋದಲಿಗೆ, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮಾದರಿಗೆ, ಒಯ್ದು, ಬಾಲಯೇಸುವಿನ ಸುತ್ತ ಇಡಬೇಕು. ಬೆಳಕು ತಾಗಿ ಹಸಿರಾದದ್ದು ಗೋದಲಿಗೆ ಸಲ್ಲದು. ಅದನ್ನು ಮೊಲಕ್ಕೆ ಹಾಕಬೇಕು. ಇಪ್ಪತ್ತೆಂಟು ವರ್ಷದಿಂದ ಕ್ಲಬ್ಬಿನ ಗೋದಲಿಯ ಆರು ತಟ್ಟೆಗಳೂ ಕೊಂಚೆತ್ತಾಳವೇ. ಅಲ್ಲಿಯ ಹೆಂಗಸರು ಆ ಎಳೆಗಳನ್ನು ಮುಟ್ಟಿ ನೋಡಿ, ಇಷ್ಟು ಬಿಳುಪು ಹೇಗೆ ಬಂತೆಂದು ಕೇಳುತ್ತಿದ್ದರು. ಅವಳು ಕೇಳಿಸದವಳಂತೆ ನಿಲ್ಲುತ್ತಿದ್ದಳು. ಆ ಸಂಜೆ ಅವಳ ನಡಿಗೆಯೇ ಬೇರೆಯಾಗಿರುತ್ತಿತ್ತು.

"ಸ್ಟೆಲ್ಲಾ ಮನೇಲಿ ಒಂದು ಕೋಣೆ ಖಾಲಿ ಇದೆ," ಎಂದಳು ಕೊಂಚೆತ್ತಾ ಅಂದು ಸಂಜೆ, ಒಗೆದ ಬಟ್ಟೆ ಮಡಿಸುತ್ತ. ಸ್ಟೆಲ್ಲಾ ಅವಳ ವಿಧವೆ ತಂಗಿ. ಎರಡು ರೈಲು ನಿಲ್ದಾಣಗಳಾಚೆ ಇದ್ದಳು.

"ಇದ್ರೆ ಇರಲಿ," ಎಂದನು ಚೆನ್ಸು.

"ಆರು ತಟ್ಟೆಗೆ ಜಾಗ ಇಲ್ಲದ ಮನೇಲಿ ನಾನು ಯಾಕಿರ್ಬೇಕು? ಈ ವರ್ಷ ಗೋದಲಿಗೆ ನನ್ನ ಪೈರು ಹೋಗ್ಲಿಲ್ಲ ಅಂದ್ರೆ ಹೊಸ ವರ್ಷಕ್ಕೆ ನಾನು ಇಲ್ಲಿರಲ್ಲ ಚೆನ್ಸು. ಈಗಲೇ ಹೇಳಿದೀನಿ."

"ದೊರೀನ್‌ನ ಒಂದು ಮಾತು ಕೇಳಿದ್ರೆ ಎಲ್ಲಾದ್ರೂ ಒಂದು ಕತ್ತಲೆ ಮೂಲೆ..."

"ಕೇಳಲ್ಲ."

"ನಮ್ಮ ಬಟ್ಟೆ ಬೀರು?"

"ನುಸಿಗುಳಿಗೆ ವಾಸನೆ. ಕಾಳು ಕಮರುತ್ತೆ."

"ಗ್ಯಾರೇಜು?"

"ಇಲಿ."

"ಮಂಚದ ಕೆಳಗೆ?"

"ಮೂರು ಕಡೆಯಿಂದ ಬೆಳಕು. ನಿನಗಿದೆಲ್ಲ ತಿಳಿಯಲ್ಲ, ಸುಮ್ನಿರು."

ಚೆನ್ಸು ಸುಮ್ಮನಿದ್ದನು, ಆದರೆ ಅವನ ತಲೆ ಸುಮ್ಮನಿರಲಿಲ್ಲ. ಕೊಂಚೆತ್ತಾ ಹೇಳಿದ್ದನ್ನು ಮಾಡುವವಳು. ಮಾಲ್ಟಾದ ಗೋಝೋ ದ್ವೀಪದ ಮನೆಯಲ್ಲಿ ಅವಳಪ್ಪ ಈ ಮದುವೆ ಬೇಡವೆಂದಾಗ, ಬರಿಗೈಯಲ್ಲಿ ದೋಣಿ ಹತ್ತಿ ಬಂದವಳು. ಮರುದಿನ ಬೆಳಿಗ್ಗೆ ಚೆನ್ಸು ಕಾಫಿಯ ಲೋಟ ಹಿಡಿದುಕೊಂಡೇ ಬೆರಳನ್ನು ಮೇಲಕ್ಕೆ ತೋರಿಸಿದನು.

"ಚಾವಣಿ ಮೇಲೆ. ಸೂರಿನೊಳಗೆ. ಅಲ್ಲಿಗೆ ಸೂರ್ಯನೇ ಬರಲ್ಲ."

ಕೊಂಚೆತ್ತಾ ಅಂಗಡಿಯಲ್ಲಿ ಗಿಣ್ಣನ್ನು ಪರೀಕ್ಷಿಸುವಂತೆ ಚಾವಣಿಯನ್ನು ಸ್ವಲ್ಪ ಹೊತ್ತು ನೋಡಿದಳು. "ಬೆಚ್ಚಗಿರುತ್ತಾ?"

"ಬೇಸಿಗೆ ಶುರುವಾಯ್ತಲ್ಲ."

"ನಿನ್ನ ಮೊಣಕಾಲು?"

"ಮೊಣಕಾಲು ನಂದು, ನಾನು ನೋಡ್ಕೋತೀನಿ. ನೀನು ಸ್ಟೆಲ್ಲಾ ಮನೆ ಮಾತು ಬಿಡು."

ಬುಧವಾರ ಮಗನೂ ಸೊಸೆಯೂ ಕೆಲಸಕ್ಕೆ ಹೋದ ಮೇಲೆ, ಪರೀಕ್ಷೆ ಮುಗಿಸಿ ಹನ್ನೊಂದರವರೆಗೆ ಮಲಗುವ ವ್ರತ ಹಿಡಿದಿದ್ದ ಮೊಮ್ಮಗಳು ಏಳುವ ಮೊದಲು, ಮುದುಕರಿಬ್ಬರೂ ಮನೆಯೊಳಗೆ ಕೋಣೆಗಳ ನಡುವಿನ ಓಣಿಯಲ್ಲಿ ಏಣಿ ಹಾಕಿದರು. ಚಾವಣಿಯ ಕಿಂಡಿಯ ಹಲಗೆಯನ್ನು ಸರಿಸಿ ಚೆನ್ಸು ಅರ್ಧ ಮೈಯನ್ನು ಒಳಗೆ ತೂರಿಸಿದನು. ಕೊಂಚೆತ್ತಾ ಒಂದು ಕೈಯಿಂದ ಏಣಿ ಹಿಡಿದು, ಇನ್ನೊಂದರಿಂದ ತಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಟ್ಟಳು. ಕಿಂಡಿಯಿಂದ ಕೈಗೆಟಕುವಷ್ಟು ದೂರದಲ್ಲಿ, ಸರಿಯಾಗಿ ಅಡುಗೆಮನೆಯ ನೆತ್ತಿಯ ಮೇಲೆ, ಎರಡು ತೊಲೆಗಳಿಗೆ ಅಡ್ಡವಾಗಿ ಹಲಗೆಯೊಂದನ್ನು ಹಾಸಿ ಅವನು ಆರೂ ತಟ್ಟೆಗಳನ್ನು ಸಾಲಾಗಿ ಇಟ್ಟನು. ಮೂರು ದಿನಕ್ಕೊಮ್ಮೆ ಚಹದ ಕೆಟಲಿನಿಂದ ನೀರು. ನಾಲ್ಕನೆಯ ದಿನಕ್ಕೆ ಕಾಳು ಬಿರಿದವು. ವಾರಕ್ಕೆ ಬಿಳಿಯ ಮೊಳಕೆ ಬೆರಳುದ್ದವಾಯಿತು.

"ತಾತ, ನಿನ್ನ ತಲೆ ಮೇಲೆ ಜೇಡರ ಬಲೆ," ಎಂದಳು ಕ್ಲೌಡಿಯಾ ಒಂದು ದಿನ ತಿಂಡಿಗೆ ಕುಳಿತು.

"ವಯಸ್ಸಾದ್ರೆ ಕಟ್ಟುತ್ತಮ್ಮ."

"ಅಜ್ಜಿ ತಲೇಲಿ ಕಟ್ಟಿಲ್ಲ."

"ಅವಳ ತಲೇಲಿ ಜೇಡಕ್ಕೂ ಧೈರ್ಯ ಸಾಲಲ್ಲ."

ಎರಡನೆಯ ಶನಿವಾರ ಲೀನೊ ತಂತಿ ಎಳೆಯಲು ಸೂರಿನೊಳಗೆ ಹೋಗಬೇಕಾಗಿತ್ತು. ಶುಕ್ರವಾರವೇ ಚೆನ್ಸು ತಟ್ಟೆಗಳನ್ನು ದೂರದ ಮೂಲೆಗೆ, ಹೊಗೆಗೂಡಿನ ಹಿಂದಕ್ಕೆ ಸಾಗಿಸಿದನು. ಅದಕ್ಕಾಗಿ ಅಂಬೆಗಾಲಿಟ್ಟು ಹೋಗಿ ಬಂದದ್ದರ ಫಲವಾಗಿ ಎರಡು ದಿನ ಕುಂಟಿದನು. ಶನಿವಾರವಿಡೀ ತಲೆಯ ಮೇಲೆ ಲೀನೊನ ಹೆಜ್ಜೆ ಎತ್ತ ಹೋಗುತ್ತದೆಂದು ಗಂಡಹೆಂಡಿರು ಕಿವಿಗೊಟ್ಟು ಕುಳಿತರು. ಮಧ್ಯಾಹ್ನ ಅವನು ಧೂಳಿನಲ್ಲಿ ಹೊರಳಿದ ಬೆಕ್ಕಿನಂತೆ ಇಳಿದುಬಂದು, ಕೈ ತೊಳೆದು, ಗ್ಯಾರೇಜಿನ ಮೇಜಿಗೆ ಕುಳಿತನು. ಕೊಂಚೆತ್ತಾ ಮೊಲದ ಸಾರನ್ನು ತಟ್ಟೆ ತುಂಬ ಬಡಿಸಿದಳು.

"ಮಾವ, ಮೇಲೆ ಎಲ್ಲೋ ಒದ್ದೆ ವಾಸನೆ. ಹೆಂಚು ಸೋರ್ತಿದೆಯಾ?"

"ನಾನು ಹೊದಿಸಿದ ಹೆಂಚು ಸೋರಲ್ಲ," ಎಂದನು ಚೆನ್ಸು.

ಲೀನೊ ಬ್ರೆಡ್ಡು ಮುರಿದು ಸಾರಿನಲ್ಲಿ ಅದ್ದಿದನು. "ಈ ದೀಪದ್ದು ಒಂದೇ ತಕರಾರು. ಬೆಳಕು ಕೆಳಗೆ, ಬಿಸಿ ಮೇಲೆ. ಬೆನ್ನು ಕಾದ ಕಾವಲಿ ಥರ ಆಗುತ್ತೆ. ಅದಕ್ಕೇ ದೀಪ ಬರೋ ಕಡೆ ಚಳಿ ತಡೆಯೋಕೆ ಹಾಸಿದ್ದ ಉಣ್ಣೆ ಹೊದಿಕೇನೆಲ್ಲ ಸರಿಸಿ ಬಂದೆ. ಮೇಲೆ ಪೆಟ್ಟಿಗೆ, ಹಳೇ ಪೇಪರು, ಏನೂ ಇಡ್ಬೇಡಿ."

"ಅಲ್ಲಿ ಪೆಟ್ಟಿಗೆನೂ ಇಲ್ಲ, ಪೇಪರೂ ಇಲ್ಲ."

ಅದು ಅಕ್ಷರಶಃ ಸತ್ಯವಾಗಿತ್ತು. ಆದರೂ ಲೀನೊ ಹೋದ ಮೇಲೆ ಕೊಂಚೆತ್ತಾ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕೇಳಿದಳು: "ಅವನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ಪೇಪರು, ಪೆಟ್ಟಿಗೆ ಅಂದ. ನಮ್ಮದು ಒದ್ದೆ ಹತ್ತಿ. ಒದ್ದೆ ಹತ್ತಿ ಎಲ್ಲಾದ್ರೂ ಸುಡುತ್ತಾ?"

ಜೀವಮಾನವಿಡೀ ಒದ್ದೆ ಬಟ್ಟೆಯಿಂದ ಬಿಸಿ ಪಾತ್ರೆ ಇಳಿಸಿದವಳು ಕ್ಷಣ ಯೋಚಿಸಿದಳು. "ಸುಡಲ್ಲ. ಬೆಳಕು?"

"ದೀಪ ಕೆಳಗೆ ನೋಡ್ಕೊಂಡಿರುತ್ತೆ. ಅದರ ಬೆನ್ನಿಗೆ ಕಣ್ಣಿರುತ್ತಾ?"

ಸರಿಯೆನಿಸಿತು. ಭಾನುವಾರ ಮಿಕ್ಕವರು ಚರ್ಚಿನ ಪೂಜೆಗೆ ಹೋಗಿದ್ದಾಗ, ಕಾಲು ನೋವೆಂದು ಉಳಿದುಕೊಂಡ ಚೆನ್ಸು ತಟ್ಟೆಗಳನ್ನು ಕಿಂಡಿಯ ಬಳಿಯ ಹಲಗೆಗೆ ಮರಳಿ ತಂದನು. ಕಾಲು ನೋವು ಸುಳ್ಳಾಗಿರಲಿಲ್ಲ.

ಮುಂದಿನ ವಾರ ಕಪಾಟುಗಳು ಬಂದವು, ಕಲ್ಲಿನ ಕಟ್ಟೆ ಬಂತು. ದೊರೀನ್ ಕೆಲಸದಿಂದ ಬಂದೊಡನೆ ಕೈಚೀಲವನ್ನೂ ಇಳಿಸದೆ ಕಟ್ಟೆಯ ಮೇಲೆ ಅಂಗೈಯಾಡಿಸುತ್ತಿದ್ದಳು. ಡಿಸೆಂಬರ್ ಏಳರ ಶನಿವಾರ ಲೀನೊ ಕೆಳಗಿನಿಂದಲೇ ಚಾವಣಿಯಲ್ಲಿ ಹದಿನಾಲ್ಕು ದುಂಡು ತೂತು ಕೊರೆದು, ಮೇಲಿಂದ ತಂತಿಯ ತುದಿಗಳನ್ನು ಎಳೆದುಕೊಂಡು, ದೀಪಗಳನ್ನು ಒಂದೊಂದಾಗಿ ಸಿಕ್ಕಿಸಿದನು. ಕೆಲಸಕ್ಕೆ ಅಷ್ಟು ಅವಸರವಿದ್ದದ್ದು ದೊರೀನಳಿಗೆ. ಮರುದಿನ ಅಮಲೋದ್ಭವ ಮಾತೆಯ ಹಬ್ಬ. ಆ ಮಾತೆಯ ಹೆಸರನ್ನೇ ಕೊಂಚೆತ್ತಾಳಿಗೆ ಇಟ್ಟಿದ್ದರಿಂದ ಅದು ಅವಳ ಹೆಸರಿನ ಹಬ್ಬವೂ ಹೌದು. ಹೊಸ ಅಡುಗೆಮನೆಯ ಮೊದಲ ಊಟ ಅತ್ತೆಯ ಹಬ್ಬದ್ದಾಗಬೇಕೆಂದು ಅವಳು ತಮ್ಮನನ್ನು ಮೂರು ವಾರದಿಂದ ಪೀಡಿಸಿದ್ದಳು. ಅದನ್ನು ಅತ್ತೆಗೆ ಮಾತ್ರ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟರಿಂದಲೇ ಹದಿನಾಲ್ಕೂ ದೀಪಗಳು ಉರಿಯುತ್ತಿದ್ದವು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ದೊರೀನ್ ಒಂದನ್ನೂ ಆರಿಸಗೊಡಲಿಲ್ಲ. ಪೂಜೆ ಮುಗಿಸಿ ನೀಲಿ ಉಡುಪಿನಲ್ಲಿ ಬಂದ ಕೊಂಚೆತ್ತಾ ಬಾಗಿಲಲ್ಲಿ ನಿಂತು ಮೇಲೆ ಕೆಳಗೆ ನೋಡಿದಳು.

"ಹೇಗಿದೆ ಅತ್ತೆ?"

"ಬೆಳಕಿದೆ."

ಆಮೇಲೆ ಗಿಣ್ಣು ತುಂಬಿದ ರಾವ್ಯೂಲ್ ಕಡುಬುಗಳನ್ನು ನೀರಿಗೆ ಬಿಡುವಾಗ ಸ್ವಲ್ಪ ತಡೆದು ಅಂದಳು: "ಹಿಟ್ಟು ಎಲ್ಲೆಲ್ಲಿ ತೆಳ್ಳಗೆ ಲಟ್ಟಿಸಿದೀನಿ ಅಂತ ಇವತ್ತೇ ಕಂಡಿದ್ದು. ಇಷ್ಟು ವರ್ಷ ನಿಮಗೆಲ್ಲ ಒಡೆದಿದ್ದೇ ತಿನ್ನಿಸಿದೀನಿ."

ದೊರೀನಳ ಮುಖ ಅರಳಿತು. ಅದು ಹೊಗಳಿಕೆಯೆಂದು ಅವಳು ಸರಿಯಾಗಿಯೇ ತಿಳಿದಳು.

ಊಟಕ್ಕೆ ಆರು ಮಂದಿ. ರಾವ್ಯೂಲ್ ಅರ್ಧವಾಗಿತ್ತು, ವೈನು ಎರಡನೆಯ ಸುತ್ತು ಬಂದಿತ್ತು. ಆಗ ಕ್ಲೌಡಿಯಾ ಮೂಗನ್ನು ಎತ್ತಿದಳು.

"ಯಾರು ಪಾಪ್‌ಕಾರ್ನ್ ಮಾಡ್ತಿರೋದು?"

ದೊರೀನ್ ಎದ್ದು ಓವನ್ನು ತೆರೆದು ನೋಡಿದಳು. ಅದರಲ್ಲಿ ಏನೂ ಇರಲಿಲ್ಲ. ಸಾಲ್ವು ಪಕ್ಕದ ಮನೆಯವರು ಕಾಫಿ ಹುರಿಯುತ್ತಿರಬೇಕೆಂದನು. ಕೊಂಚೆತ್ತಾ ಮುಳ್ಳುಚಮಚವನ್ನು ತಟ್ಟೆಯ ಅಂಚಿಗಿಟ್ಟು ಗಂಡನ ಕಡೆ ನೋಡಿದಳು. ಚೆನ್ಸುವಿಗೆ ನೆನಪಾಯಿತು: ಕೊನೆಯ ಸಲ ನೀರು ಹಾಕಿದ್ದು ಬುಧವಾರ. ಶುಕ್ರವಾರ ಕಲ್ಲಿನವರು, ಶನಿವಾರ ಲೀನೊ. ಏಣಿ ಹಾಕಲು ಹೊತ್ತೇ ಸಿಕ್ಕಿರಲಿಲ್ಲ.

ಲೀನೊ ಎದ್ದು ದೀಪಗಳನ್ನೆಲ್ಲ ಆರಿಸಿ, ಏಣಿ ತರಲು ಹೋದನು.

"ಲೀನೊ, ನಾನು ಹತ್ತುತೀನಿ, ನೀನು ಊಟ ಮಾಡು," ಎಂದು ಚೆನ್ಸು ಎದ್ದನು.

"ನೀವಾ? ಕೂತ್ಕೊಳ್ಳಿ ಮಾವ."

ಎಲ್ಲರೂ ಓಣಿಯಲ್ಲಿ ಏಣಿಯ ಸುತ್ತ ನೆರೆದರು. ಹಬ್ಬದ ಬಿಳಿಯಂಗಿ ಹಾಕಿದ್ದ ಲೀನೊನ ಕಾಲುಗಳೆರಡು ಮಾತ್ರ ಕಾಣುತ್ತಿದ್ದವು.

"ಅಕ್ಕಾ."

"ಏನಾಯ್ತೋ?"

"ಇಲ್ಲಿ ಯಾರೋ ಬೇಸಾಯ ಮಾಡ್ತಿದಾರೆ."

ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು. ದೀಪಗಳ ಬೆನ್ನಿಗೆ ನೇರವಾಗಿದ್ದ ಮೂರರಲ್ಲಿ ಹತ್ತಿ ಒಣಗಿ, ಅಂಚು ಕಪ್ಪಾಗಿ, ಪೈರು ಹುರಿದ ಶಾವಿಗೆಯಂತೆ ಮಲಗಿತ್ತು. ಉಳಿದ ಮೂರರಲ್ಲಿ ಜೀವವಿತ್ತು. ಆದರೆ ತೂತುಗಳ ಸಂದಿನಿಂದ ಸೋರಿದ ಒಂದೂವರೆ ದಿನದ ಬೆಳಕಿಗೆ ತುದಿಗಳೆಲ್ಲ ಹಸಿರು. ಕೊನೆಗೆ ಹಲಗೆ ಬಂತು. ಅದರ ಅಡಿಯಲ್ಲಿ ಅಂಗೈಯಗಲದ ಕಂದು ಕಲೆಗಳು ಮೂರು.

ಸಾಲ್ವು ಆ ಕಲೆಗಳ ಮೇಲೆ ಬೆರಳಿಟ್ಟು ಅಪ್ಪನ ಮುಖ ನೋಡಿದನು. ಮಾತಾಡಿದವಳು ದೊರೀನ್.

"ಮನೆ ಸುಟ್ಟುಹೋಗ್ತಿತ್ತು ಮಾವ. ಇನ್ನೊಂದು ಗಂಟೆ ಬಿಟ್ಟಿದ್ರೆ ನಾವೆಲ್ಲ ಬೀದೀಲಿರ್ತಿದ್ವಿ. ಲೀನೊ ಹೇಳಿದ್ದ ತಾನೆ, ಏನೂ ಇಡ್ಬೇಡಿ ಅಂತ?"

"ಒದ್ದೆ ಇತ್ತಮ್ಮ," ಎಂದನು ಚೆನ್ಸು.

"ಅವನನ್ನ ಯಾಕೆ ಅಂತೀಯ," ಎಂದಳು ಕೊಂಚೆತ್ತಾ. "ಇಡು ಅಂದಿದ್ದು ನಾನು."

"ನನ್ನನ್ನ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು ಅತ್ತೆ? ಒಂದು ಕತ್ತಲೆ ಮೂಲೆ ಬೇಕು ಅಂತ?"

"ಮೂವತ್ತು ವರ್ಷದಿಂದ ನಂದಾಗಿದ್ದ ಜಾಗಾನ ಕೇಳಿ ಪಡ್ಕೋಬೇಕಾ? ನೀನು ಬೀರು ಕೀಳಿಸೋವಾಗ ನನ್ನನ್ನ ಕೇಳಿದ್ಯಾ, ಅದರ ಕೆಳಗಿನ ಅರೇಲಿ ಏನಿಡ್ತೀರಿ ಅಂತ?"

"ನಕ್ಷೆ ತೋರಿಸಿದ್ದೆ."

"ನಕ್ಷೇಲಿ ಕಪಾಟು ಇತ್ತು. ಕತ್ತಲೆ ಎಲ್ಲಿ ಅಂತ ಬರೆದಿರ್ಲಿಲ್ಲ."

ಲೀನೊ ಏಣಿ ಇಳಿದು, ಅಂಗಿಯ ಧೂಳು ಕೊಡವಿ, ತಂತಿಗಳಿಗೆಲ್ಲ ಏನೂ ಆಗಿಲ್ಲವೆಂದೂ ರಾವ್ಯೂಲ್ ತಣ್ಣಗಾಗುತ್ತಿದೆಯೆಂದೂ ಹೇಳಿದನು. ಎಲ್ಲರೂ ಕುಳಿತು ಉಳಿದದ್ದನ್ನು ಬರಿಯ ಹಗಲ ಬೆಳಕಿನಲ್ಲಿ ಉಂಡರು. ಹಬ್ಬದ ದಿನ ಅಡುಗೆ ಬಿಸಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಸಂಜೆ ಕೊಂಚೆತ್ತಾ ತಂಗಿಯೊಡನೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಆ ಖಾಲಿ ಕೋಣೆಯ ಕಿಟಕಿ ಪರದೆಗಳ ಅಳತೆಯ ವಿಷಯ ಬಂದದ್ದು ಚೆನ್ಸುವಿಗೆ ಕೇಳಿಸಿತು. ಹಿತ್ತಲಲ್ಲಿ ತಾನೇ ಬೆಳೆದು ಕಾಪಿಟ್ಟಿದ್ದ ಕಾಳನ್ನೆಲ್ಲ ಅವಳು ಬಿತ್ತಿಬಿಟ್ಟಿದ್ದಳು. ಮತ್ತೆ ಬಿತ್ತಲು ಒಂದು ಹಿಡಿಯೂ ಇರಲಿಲ್ಲ.

ಮರುದಿನ ದೊರೀನ್ ಕೆಲಸದಿಂದ ಒಂದು ಗಂಟೆ ತಡವಾಗಿ ಬಂದು, ಹಳದಿ ಹಕ್ಕಿಯ ಚಿತ್ರವಿದ್ದ ಚೀಲವೊಂದನ್ನು ಕಟ್ಟೆಯ ಮೇಲಿಟ್ಟಳು.

"ಅತ್ತೆ, ಇನ್ನೂ ಹದಿನೈದು ದಿನ ಇದೆ."

"ಗುಲ್ಬಿಯೇನಾಗೆ ಐದು ವಾರ ಬೇಕು."

"ಇದಕ್ಕೆ ಎರಡು ವಾರ ಸಾಕು. ನಮ್ಮಜ್ಜಿ ಅವರೂರು ಮೊಸ್ತಾದಲ್ಲಿ ಗೋದಲಿಗೆ ಇದನ್ನೇ ಹಾಕ್ತಿದ್ದಿದ್ದು."

ಕೊಂಚೆತ್ತಾ ಚೀಲವನ್ನು ತಿರುಗಿಸಿ ಚಿತ್ರ ನೋಡಿದಳು. "ಹಕ್ಕಿ ಕಾಳು. ದೇವರ ಮುಂದೆ."

"ಹಕ್ಕೀನೂ ದೇವರೇ ಮಾಡಿದ್ದಲ್ವಾ?"

"ಮಾಡಿದ್ದು ಹೌದು. ಗೋದಲಿ ಒಳಗೆ ಕರೀಲಿಲ್ಲ. ಹಸು ಇದೆ, ಕತ್ತೆ ಇದೆ. ಗಿಳಿ ಎಲ್ಲಿದೆ?"

"ಮುಂದಿನ ವರ್ಷ ಒಂದು ಇಡೋಣ ಅಜ್ಜಿ," ಎಂದಳು ಕ್ಲೌಡಿಯಾ.

"ಸರಿ, ನಿಮಗೆ ಬೇಡ," ಎಂದಳು ದೊರೀನ್. "ನಮ್ಮಜ್ಜಿ ಹೆಸರಲ್ಲಿ ನಾನು ಹಾಕ್ತೀನಿ. ನಿಮ್ಮ ತಟ್ಟೆ ತಗೋಬಹುದಾ?"

ಆ ಮನೆಗೆ ಬಂದ ಮೇಲೆ ದೊರೀನ್ ಒಂದು ವಸ್ತುವನ್ನು ಹಾಗೆ ಕೇಳಿ ತೆಗೆದುಕೊಂಡದ್ದು ಅದೇ ಮೊದಲು. ಕೊಂಚೆತ್ತಾ ಚೀಲದ ಮೇಲಿಂದ ಕಣ್ಣೆತ್ತಲಿಲ್ಲ.

"ಅಲ್ಲೇ ಇದೆ, ತಗೋ."

ದೊರೀನ್ ತನ್ನ ಮಲಗುವ ಕೋಣೆಯ ಬೀರುವಿನ ತಳದಲ್ಲಿದ್ದ ಚಪ್ಪಲಿ ಬೂಟುಗಳನ್ನೆಲ್ಲ ಕೋಣೆಯ ಬಾಗಿಲಾಚೆಯ ಓಣಿಗೆ ಸುರಿದು, ಅಲ್ಲಿ ಆರು ತಟ್ಟೆಗಳನ್ನಿಟ್ಟಳು. ಮರುದಿನ ಬೆಳಿಗ್ಗೆ ಸಾಲ್ವು ಆ ರಾಶಿಗೆ ಎಡವಿ, ಇದು ಮನೆಯೋ ಬೂಟಿನ ಅಂಗಡಿಯೋ ಎಂದು ಕೇಳಿದನು. ಮನೆಯ ಇಬ್ಬರು ಹೆಂಗಸರೂ ಉತ್ತರ ಕೊಡದಿದ್ದುದರಿಂದ ಮುಂದಿನ ದಿನಗಳಲ್ಲಿ ದಾಟಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡನು.

ಆ ವಾರವೆಲ್ಲ ಮಾತು ಅಳತೆಯದಾಗಿತ್ತು. ಉಪ್ಪು ಕೊಡಿ, ಬಾಗಿಲು ಹಾಕಿ, ಅಷ್ಟೇ. ಕೊಂಚೆತ್ತಾ ಒಬ್ಬಳೇ ಅಡುಗೆ ಮಾಡುವಾಗ ಹದಿನಾಲ್ಕು ದೀಪಗಳಲ್ಲಿ ಒಲೆಯ ಮೇಲಿನ ನಾಲ್ಕನ್ನು ಮಾತ್ರ ಹಾಕಿಕೊಳ್ಳುತ್ತಿದ್ದಳು. ಶುಕ್ರವಾರ ಮೀನಿನ ಮುಳ್ಳು ತೆಗೆಯುತ್ತ, ಕನ್ನಡಕವಿಲ್ಲದೆಯೇ ಕಾಣುತ್ತಿದೆಯೆಂದು ಬಾಯಿತಪ್ಪಿ ಅಂದವಳು, ಚೆನ್ಸು ಕೇಳಿಸಿಕೊಂಡನೆಂದು ತಿಳಿದು, ಕಟ್ಟೆಯ ಮೇಲಿನ ಬೆರಳಚ್ಚುಗಳೂ ಕಾಣುತ್ತವೆ, ದಿನವಿಡೀ ಒರೆಸಿ ಸಾಕಾಯಿತೆಂದು ಸೇರಿಸಿದಳು. ಸ್ಟೆಲ್ಲಾಳ ಪರದೆಗಳ ಮಾತು ಮತ್ತೆ ಬರಲಿಲ್ಲ. ಹಾಗೆಂದು ಹಿಂತೆಗೆದುಕೊಂಡದ್ದೂ ಇಲ್ಲ.

ಮುಂದಿನ ವಾರದ ನಡುವೆ ಒಂದು ಬೆಳಿಗ್ಗೆ ಚೆನ್ಸು ಹೆಂಡತಿಯನ್ನು ಹುಡುಕುತ್ತ ಓಣಿಗೆ ಬಂದನು. ಸೊಸೆಯ ಕೋಣೆಯ ಬಾಗಿಲು ತೆರೆದಿತ್ತು. ಕೊಂಚೆತ್ತಾ ಬೀರುವಿನ ಮುಂದೆ ಮಂಡಿಯೂರಿ, ಚಮಚದಿಂದ ತಟ್ಟೆಗಳ ಹೆಚ್ಚಿನ ನೀರನ್ನು ಬಟ್ಟಲಿಗೆ ಬಸಿಯುತ್ತಿದ್ದಳು.

"ಕೆರೆ ಮಾಡಿಟ್ಟಿದಾಳೆ ಕೆರೆ," ಎಂದು ಗೊಣಗಿ, ತಿರುಗಿ ನೋಡದೆಯೇ ಅಂದಳು: "ನಿಂತು ನೋಡ್ಬೇಡ. ಬಾಗಿಲು ಹಾಕು, ಬೆಳಕು ಬರ್ತಿದೆ."

ಅಂದು ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ದೊರೀನಳ ಬಳಿಗೆ ಚೆನ್ಸು ಹೋಗಿ, ನೀರು ಸ್ವಲ್ಪ ಕಡಿಮೆ ಹಾಕಮ್ಮ ಎಂದು ಮೆಲ್ಲಗೆ ಹೇಳಿದನು.

"ಗೊತ್ತು ಮಾವ. ಬೆಳಿಗ್ಗೆ ಬೇಕಂತಲೇ ಜಾಸ್ತಿ ಹಾಕಿ ಹೋಗ್ತೀನಿ."

"ಬೇಕಂತಲೇ?"

"ಸರಿಯಾಗಿ ಹಾಕಿದ್ರೆ ಅವರು ಬಂದು ನೋಡ್ತಾರಾ?" ಎಂದು ದೊರೀನ್ ಬುಟ್ಟಿಯನ್ನು ಅವನ ಕೈಗಿಟ್ಟಳು. "ಇದನ್ನ ಒಳಗಿಡಿ. ಮತ್ತೆ ಬಾಯಿ ಬಿಟ್ಟೀರಿ."

ಕ್ರಿಸ್‌ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ತಟ್ಟೆಗಳು ಹೊರಬಂದವು. ಪೈರು ಗೇಣುದ್ದವಿರಲಿಲ್ಲ, ನಾಲ್ಕು ಬೆರಳಷ್ಟೇ. ಆದರೆ ಕುರಿಯ ಉಣ್ಣೆಯಂತೆ ಒತ್ತಾಗಿತ್ತು. ದೊರೀನ್ ತಟ್ಟೆಗಳನ್ನು ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿಟ್ಟು ಅತ್ತೆಯ ಮುಖ ನೋಡಿದಳು. ಕೊಂಚೆತ್ತಾ ಸೆರಗಿನಂತೆ ಭುಜದ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಸಣ್ಣ ಕತ್ತರಿ ಹಿಡಿದು ಬಂದಳು.

"ಹಾಕು."

"ಏನು ಅತ್ತೆ?"

"ನಿನ್ನ ದೀಪ. ಎಲ್ಲಾನೂ ಹಾಕು. ಹಸಿರು ಎಲ್ಲಿದೆ ನೋಡ್ಬೇಕು."

ಹದಿನಾಲ್ಕೂ ಹೊತ್ತಿದವು. ಬಿಳಿಯ ಎಳೆಗಳು ಗಾಜಿನ ಸಲಾಕೆಗಳಂತೆ ಹೊಳೆದವು. ಅವುಗಳ ನಡುವೆ ಅಡಗಿದ್ದ ಏಳೆಂಟು ಹಸಿರು ತುದಿಗಳು ಅಡಗಿಕೊಳ್ಳಲು ಜಾಗವಿಲ್ಲದೆ ಕಂಡವು. ಕೊಂಚೆತ್ತಾ ಅವನ್ನು ಒಂದೊಂದಾಗಿ ಕತ್ತರಿಸಿದಳು. ದೊರೀನ್ ಇನ್ನೂ ಎರಡನ್ನು ತೋರಿಸಿದಳು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

"ಆರಿಸು, ಆರಿಸು. ನೋಡ್ತಾ ನಿಂತ್ರೆ ಎಲ್ಲಾ ಹಸಿರಾಗುತ್ತೆ."

ಕ್ಲಬ್ಬಿಗೆ ಕಾರಿನಲ್ಲಿ ಹೋದರು. ತಟ್ಟೆಗಳ ಪೆಟ್ಟಿಗೆ ಚೆನ್ಸುವಿನ ಕೈಯಲ್ಲಿತ್ತು. ಗೋದಲಿಯ ಉಸ್ತುವಾರಿ ನೋಡಿಕೊಳ್ಳುವ ರೋಝಾರಿಯಾ, ಯಾರ ತಟ್ಟೆಯಲ್ಲಿ ಏನಿದೆಯೆಂದು ಎರಡು ಸಲ ನೋಡುವ ಹೆಂಗಸು, ಮೇಲಿನ ಬಟ್ಟೆ ಸರಿಸಿದಳು.

"ಏನ್ ಕೊಂಚೆತ್ತಾ, ಈ ಸಲ ಗಿಡ್ಡ? ವಯಸ್ಸಾಯ್ತಾ?"

ಸುತ್ತಲಿದ್ದ ನಾಲ್ಕೈದು ಹೆಂಗಸರು ಬಗ್ಗಿ ನೋಡಿದರು.  ತಪ್ಪು ತನ್ನದೆಂದು ಹೇಳಲು ದೊರೀನ್ ಒಂದು ಹೆಜ್ಜೆ ಮುಂದೆ ಬಂದಳು. ಚೆನ್ಸು ಪೆಟ್ಟಿಗೆಯನ್ನು ಎದೆಗೊತ್ತಿ ಹಿಡಿದನು. ಐದು ವಾರ ಅವನು ಹೆದರಿದ್ದು ಈ ಘಳಿಗೆಗೆ.

"ವಯಸ್ಸಾಗಿರೋದು ನಿನ್ನ ಕಣ್ಣಿಗೆ," ಎಂದಳು ಕೊಂಚೆತ್ತಾ. "ಇದು ಗುಲ್ಬಿಯೇನಾ ಅಲ್ಲ. ನನ್ನ ಸೊಸೆ ತವರಿನ ಪೈರು. ಗಿಡ್ಡ ಬರುತ್ತೆ, ಒತ್ತಾಗಿ ಬರುತ್ತೆ. ಮುಟ್ಟಿ ನೋಡು."

ರೋಝಾರಿಯಾ ಮುಟ್ಟಿ ನೋಡಿದಳು. "ಬೆಳ್ಳಗಂತೂ ಇದೆ. ಎಲ್ಲಿ ಬೆಳೆಸಿದೆ? ಅಡುಗೆಮನೆ ಕಿತ್ತು ಹಾಕಿದಾರೆ ಅಂತ ಕೇಳಿದ್ದೆ."

"ಅವಳ ಬೀರುವಲ್ಲಿ. ತನ್ನ ಬೂಟೆಲ್ಲ ಹೊರಗೆ ಹಾಕಿ ಜಾಗ ಕೊಟ್ಳು. ನಿನ್ನ ಸೊಸೆ ಕೊಡ್ತಾಳಾ ಕೇಳು."

ರೋಝಾರಿಯಾ ತಟ್ಟೆಗಳನ್ನು ಎತ್ತಿಕೊಂಡು ಹೋಗಿ ಬಾಲಯೇಸುವಿನ ಎಡಬಲದಲ್ಲಿ ಮೂರು ಮೂರಾಗಿ ಇಟ್ಟಳು. ಕೊಂಚೆತ್ತಾ ಒಂದನ್ನು ಅರ್ಧ ಸುತ್ತು ತಿರುಗಿಸಿ ಸರಿಪಡಿಸಿದಳು. ದೊರೀನ್ ಇನ್ನೊಂದನ್ನು ತಿರುಗಿಸಿದಳು. ಕೊಂಚೆತ್ತಾ ಅದನ್ನು ಮೊದಲಿದ್ದಂತೆಯೇ ಮರಳಿ ತಿರುಗಿಸಿದಳು.

ಮನೆಗೆ ಹಿಂದಿರುಗುವಾಗ ಸಾಲ್ವು ಕಾರು ನಡೆಸುತ್ತಿದ್ದನು, ಚೆನ್ಸು ಅವನ ಪಕ್ಕದಲ್ಲಿ. ಹಿಂದೆ ಹೆಂಗಸರು ಮೂವರು. ರೈಲ್ವೆ ಗೇಟಿನ ಬಳಿ ಕಾರು ನಿಂತಾಗ ಕೊಂಚೆತ್ತಾ ಬಾಯಿ ತೆರೆದಳು.

"ದೊರೀನ್."

"ಏನತ್ತೆ?"

"ನೀನು ನೀರು ಜಾಸ್ತಿ ಹಾಕ್ತೀಯ."

"ಹೌದಾ ಅತ್ತೆ?"

"ಬೇರು ಕೊಳೀತಿತ್ತು, ನಾನು ನೋಡಿದ್ದಕ್ಕೆ ಆಯ್ತು. ಮುಂದಿನ ವರ್ಷ ನೀನು ಮುಟ್ಬೇಡ. ಬೀರು ನಿಂದು, ನೀರು ನಂದು."

ಚೆನ್ಸು ಹಿಂತಿರುಗಿ ನೋಡಲಿಲ್ಲ. ರೈಲು ಹಾದುಹೋಗಿ ಗೇಟು ಮೇಲೆದ್ದಿತು. ಅವನು ಮಗನ ತೊಡೆಯನ್ನು ಮೆಲ್ಲಗೆ ತಟ್ಟಿ, ದಾರಿ ಬಿಟ್ಟಿದೆ, ಹೊರಡು ಎಂದನು.